ಛೇದದಲ್ಲಿ ಸೇರದ ಮಕ್ಕಳು

ಶಿಕ್ಷಣದ ಕೆಲವು ಆಯ್ದ ಸೂಚಕಗಳಲ್ಲಿ 2025ಕ್ಕೆ ಎಲ್ಲಿರುತ್ತೇವೆ, 2030ಕ್ಕೆ ಎಲ್ಲಿ ತಲುಪುತ್ತೇವೆ ಎಂಬುದನ್ನು ಪ್ರತಿ ದೇಶವೂ ತಾನೇ ನಿಗದಿಪಡಿಸಿ ತಿಳಿಸಬೇಕೆಂದು 2021ರಲ್ಲಿ ಯುನೆಸ್ಕೋ ಕೇಳಿದಾಗ, ಅಂಥ ಒಂದು ರಾಷ್ಟ್ರೀಯ ಕೋಷ್ಟಕವನ್ನು ಸಿದ್ಧಪಡಿಸುವ ತಂಡದಲ್ಲಿ ನಾನಿದ್ದೆ. 2015ರಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್ ನಗರದಲ್ಲಿ ಹೊರಡಿಸಿದ ಇಂಚಿಯಾನ್ ಘೋಷಣೆಯ ಮೂಲಕ ದೇಶಗಳು ಒಪ್ಪಿಕೊಂಡ, 2030ರೊಳಗೆ ತಲುಪಬೇಕಾದ ಶಿಕ್ಷಣದ ಗುರಿಗಳು ಎಲ್ಲರಿಗೂ ಒಂದೇ ಆಗಿದ್ದರೂ, ಹೊರಟ ಜಾಗ ಒಬ್ಬೊಬ್ಬರದು ಒಂದೊಂದಾದ ಕಾರಣ, ನಡುವಿನ ಮೈಲಿಗಲ್ಲುಗಳನ್ನು ಅವರವರೇ ನೆಡಬೇಕೆಂಬುದು ಆ ಕೋರಿಕೆಯ ಹಿಂದಿನ ವಿಚಾರ. ಸೂತ್ರಗಳೆಲ್ಲ ಮೊದಲೇ ಸಿದ್ಧವಿದ್ದುದರಿಂದ ಇದು ಬರೀ ಲೆಕ್ಕದ ಕೆಲಸವೆಂದು ನಾನು ಭಾವಿಸಿದ್ದೆ. ಕೆಲಸ ಆರಂಭವಾದ ಮೇಲೆ, ನಮ್ಮ ಹೆಚ್ಚಿನ ಸಮಯ ಹೋದದ್ದು ಭಿನ್ನರಾಶಿಯ ಗೆರೆಯ ಕೆಳಗೆ, ಅಂದರೆ ಛೇದದಲ್ಲಿ, ಯಾರನ್ನು ಸೇರಿಸಬೇಕು ಎಂಬ ಒಂದೇ ಪ್ರಶ್ನೆಗೆ.

ಶಾಲೆಯಿಂದ ಹೊರಗುಳಿದವರ ಪ್ರಮಾಣವನ್ನು ಮೊದಲು ಕೈಗೆತ್ತಿಕೊಂಡೆವು. ದಾಖಲಾದ ಮಕ್ಕಳ ಸಂಖ್ಯೆ ಶಾಲೆಗಳ ಹಾಜರಿ ಪುಸ್ತಕದಿಂದ ಬರುತ್ತದೆ. ಆ ವಯಸ್ಸಿನ ಒಟ್ಟು ಮಕ್ಕಳ ಸಂಖ್ಯೆ ಜನಗಣತಿಯ ಆಧಾರದ ಮೇಲೆ ಮಾಡಿದ ಅಂದಾಜಿನಿಂದ ಬರುತ್ತದೆ. ಒಟ್ಟು ದಾಖಲಾತಿ ಪ್ರಮಾಣವು ಶೇ. 100ನ್ನು ದಾಟಬಹುದು, ತಡವಾಗಿ ಸೇರಿದವರೂ ಅದೇ ತರಗತಿಯಲ್ಲಿ ಮತ್ತೆ ಕುಳಿತವರೂ ಅದರಲ್ಲಿ ಸೇರುವುದರಿಂದ ಅದು ಸಹಜ. ಆದರೆ ಸರಿಯಾದ ವಯಸ್ಸಿನವರನ್ನು ಮಾತ್ರ ಎಣಿಸುವ ನಿವ್ವಳ ಪ್ರಮಾಣವೂ ನಮ್ಮ ಲೆಕ್ಕದಲ್ಲಿ 100ನ್ನು ಮೀರಿತು. ಅದನ್ನು 100ಕ್ಕೆ ಇಳಿಸಿ ನಾನು ಮುಂದಕ್ಕೆ ಹೋದೆ, ಅದು ತಪ್ಪು. ಕೆಲವು ವಾರಗಳ ನಂತರ ಪ್ರದೇಶವಾರು ಬಿಡಿಸಿ ನೋಡಿದಾಗ, ಜನ ವಲಸೆ ಬಂದ ನಗರಗಳಲ್ಲಿ ಪ್ರಮಾಣ ಮೇಲಕ್ಕೂ, ಅವರು ಬಿಟ್ಟುಬಂದ ಕಡೆ ಕೆಳಕ್ಕೂ ಹೋಗಿತ್ತು. ಹಳೆಯ ಜನಸಂಖ್ಯಾ ಅಂದಾಜು ಮಕ್ಕಳನ್ನು ಅವರು ಈಗ ಇಲ್ಲದ ಜಾಗದಲ್ಲಿ ಎಣಿಸುತ್ತಿತ್ತು, ಮತ್ತು ನಾನು 100ಕ್ಕೆ ಇಳಿಸಿದ್ದರಿಂದ ನಗರದಲ್ಲಿ ನಿಜಕ್ಕೂ ಶಾಲೆಯ ಹೊರಗಿದ್ದ ಮಕ್ಕಳು ಕೋಷ್ಟಕದಿಂದಲೇ ಮಾಯವಾಗಿದ್ದರು.

ಹಾಗಾಗಿ ಮನೆಮನೆ ಸಮೀಕ್ಷೆಯ ದತ್ತಾಂಶವನ್ನೂ ಜೊತೆಗಿಟ್ಟುಕೊಂಡೆವು. ಅಲ್ಲಿ ಗೆರೆಯ ಮೇಲಿನ ಅಂಶವೂ ಕೆಳಗಿನ ಛೇದವೂ ಒಂದೇ ಮೂಲದಿಂದ ಬರುವುದು ದೊಡ್ಡ ಅನುಕೂಲ. ಆದರೆ ಸಮೀಕ್ಷೆ ಶೈಕ್ಷಣಿಕ ವರ್ಷದ ಕೊನೆಯಲ್ಲಿ ನಡೆದಿದ್ದರೆ, ವರ್ಷದ ಆರಂಭದಲ್ಲಿ ಐದು ವರ್ಷವಾಗಿದ್ದ ಮಗುವಿಗೆ ಆಗ ಆರು ತುಂಬಿರುತ್ತದೆ, ಮತ್ತು ಅದು ಒಂದನೇ ತರಗತಿಯಲ್ಲಿ ಇಲ್ಲವೆಂಬ ಕಾರಣಕ್ಕೆ ಹೊರಗುಳಿದ ಮಗುವೆಂದು ದಾಖಲಾಗುತ್ತದೆ. ಹುಟ್ಟಿದ ತಿಂಗಳನ್ನು ಹಿಡಿದು ಪ್ರತಿ ಮಗುವಿನ ವಯಸ್ಸನ್ನು ವರ್ಷಾರಂಭಕ್ಕೆ ಹಿಂದೆ ಸರಿಸಿ ಮರುಲೆಕ್ಕ ಮಾಡಿದೆವು. ಬೇಸರ ತರುವ ಕೆಲಸ, ಆದರೆ ಅದನ್ನು ಬಿಟ್ಟರೆ ಎರಡು ವರ್ಷಗಳ ಅಂಕಿಗಳನ್ನು ಹೋಲಿಸುವುದರಲ್ಲಿ ಅರ್ಥವೇ ಇರುವುದಿಲ್ಲ.

ಪ್ರಾಥಮಿಕ ಶಿಕ್ಷಣ ಪೂರ್ಣಗೊಳಿಸಿದವರ ಪ್ರಮಾಣ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿತು. ತಡವಾಗಿ ಮುಗಿಸುವವರನ್ನೂ ಒಳಗೊಳ್ಳಲೆಂದು, ಕೊನೆಯ ತರಗತಿಗೆ ನಿಗದಿಯಾದ ವಯಸ್ಸಿಗಿಂತ 3ರಿಂದ 5 ವರ್ಷ ದೊಡ್ಡವರಾದವರಲ್ಲಿ ಎಷ್ಟು ಮಂದಿ ಆ ಹಂತವನ್ನು ಮುಗಿಸಿದ್ದಾರೆ ಎಂದು ಇದರಲ್ಲಿ ನೋಡುತ್ತಾರೆ. ಆರನೇ ವಯಸ್ಸಿಗೆ ಒಂದನೇ ತರಗತಿ, ಹನ್ನೊಂದಕ್ಕೆ ಆರನೇ ತರಗತಿ ಎಂಬ ವ್ಯವಸ್ಥೆಯಲ್ಲಿ, 2030ರ ಅಳತೆಗೆ ಸಿಗುವವರು ಆಗ 14ರಿಂದ 16 ವರ್ಷದವರು. ಅವರು ಒಂದನೇ ತರಗತಿಗೆ ಸೇರಬೇಕಾದದ್ದು 2020ರಿಂದ 2022ರ ನಡುವೆ. ಅಂದರೆ ನಾವು 2021ರಲ್ಲಿ ಕುಳಿತು ದೂರದ ಭವಿಷ್ಯವೆಂಬಂತೆ ಚರ್ಚಿಸುತ್ತಿದ್ದ ಅಂಕಿಯ ಮಕ್ಕಳು ಆಗಲೇ ಶಾಲೆಯ ಹೊಸ್ತಿಲಲ್ಲಿದ್ದರು, ಅದೂ ಸಾಂಕ್ರಾಮಿಕದಿಂದ ಶಾಲೆಗಳೇ ಮುಚ್ಚಿದ್ದ ಹೊತ್ತಿನಲ್ಲಿ. ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದ ದಿನ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. 2028ರಲ್ಲಿ ಆರಂಭಿಸುವ ಯಾವ ಯೋಜನೆಯೂ 2030ರ ಆ ಸಾಲನ್ನು ಹೆಚ್ಚೇನೂ ಬದಲಾಯಿಸಲಾರದು.

ಓದು ಮತ್ತು ಗಣಿತದಲ್ಲಿ ಕನಿಷ್ಠ ಮಟ್ಟ ತಲುಪಿದವರ ಪ್ರಮಾಣದಲ್ಲಿ ಛೇದದ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ ಶಾಲೆಯೊಳಗೆ. 100 ಮಕ್ಕಳಲ್ಲಿ 70 ಮಂದಿ ಕೊನೆಯ ತರಗತಿಗೆ ಬಂದು, ಅವರಲ್ಲಿ 42 ಮಂದಿ ಕನಿಷ್ಠ ಮಟ್ಟ ತಲುಪಿದರೆ ವರದಿಯಲ್ಲಿ ಶೇ. 60 ಎಂದಾಗುತ್ತದೆ. ಕೆಲವು ವರ್ಷಗಳ ನಂತರ, ಮೊದಲಾಗಿದ್ದರೆ ಶಾಲೆ ಬಿಡುತ್ತಿದ್ದ ಮಕ್ಕಳೂ ಉಳಿದು 80 ಮಂದಿ ಪರೀಕ್ಷೆಗೆ ಕುಳಿತು, 46 ಮಂದಿ ಆ ಮಟ್ಟ ತಲುಪಿದರೆಂದುಕೊಳ್ಳಿ, ಪ್ರಮಾಣ ಶೇ. 57.5ಕ್ಕೆ ಇಳಿಯುತ್ತದೆ. ಓದಬಲ್ಲ ಮಕ್ಕಳು ನಾಲ್ಕು ಮಂದಿ ಹೆಚ್ಚಾಗಿದ್ದರೂ ದೇಶ ಹಿಂದೆ ಬಿದ್ದಂತೆ ಕಾಣುತ್ತದೆ. ಬಡ ಮನೆಯ ಮಗುವನ್ನು ಶಾಲೆಯಲ್ಲಿ ಉಳಿಸಿಕೊಂಡ ಶಿಕ್ಷಕರ ಶ್ರಮವನ್ನು ಹಿನ್ನಡೆಯೆಂದು ತೋರಿಸುವ ಅಳತೆಯನ್ನು ನಾನು ಒಂಟಿಯಾಗಿ ಪ್ರಕಟಿಸಲಾರೆನೆಂದು ಸಭೆಯಲ್ಲಿ ಪಟ್ಟು ಹಿಡಿದೆ. ಕೊನೆಗೆ, ಪರೀಕ್ಷೆ ಬರೆದವರ ಪ್ರಮಾಣದ ಕೆಳಗೆ ಆ ವಯಸ್ಸಿನ ಎಲ್ಲ ಮಕ್ಕಳನ್ನೂ ಛೇದವಾಗಿ ಹಿಡಿದ ಇನ್ನೊಂದು ಸಾಲನ್ನು ನಮ್ಮ ದೇಶೀಯ ವರದಿಯಲ್ಲಿ ಸೇರಿಸಲು ಒಪ್ಪಿಗೆ ಸಿಕ್ಕಿತು.

ತರಬೇತಿ ಪಡೆದ ಶಿಕ್ಷಕರ ಪಾಲು ಮತ್ತು ಸರ್ಕಾರದ ಶಿಕ್ಷಣ ವೆಚ್ಚದ ಸಾಲುಗಳನ್ನು ತುಂಬಲು ಹೆಚ್ಚು ದಿನ ಹಿಡಿಯಲಿಲ್ಲ. ವೆಚ್ಚಕ್ಕೆ ಒಟ್ಟು ದೇಶೀಯ ಉತ್ಪನ್ನದ ಶೇ. 4ರಿಂದ 6, ಇಲ್ಲವೇ ಸರ್ಕಾರದ ಒಟ್ಟು ವೆಚ್ಚದ ಶೇ. 15ರಿಂದ 20 ಎಂಬ ಅಂತರರಾಷ್ಟ್ರೀಯ ಮಾನದಂಡ ಮೊದಲೇ ಇತ್ತು.

2030ಕ್ಕೆ ಯಾವ ಅಂಕಿ ಬರೆಯಬೇಕು ಎಂಬುದರ ಬಗ್ಗೆ ತೀವ್ರವಾದ ಭಿನ್ನಾಭಿಪ್ರಾಯವಿತ್ತು. ಜಾಗತಿಕ ಗುರಿ ಎಲ್ಲ ಮಕ್ಕಳೆಂದು ಹೇಳುವಾಗ ನಾವು 100ಕ್ಕಿಂತ ಕಡಿಮೆ ಬರೆಯುವುದು ಸರಿಯಲ್ಲವೆಂದು ಹಿರಿಯರೊಬ್ಬರು ವಾದಿಸಿದರು, ಮತ್ತು ಅವರ ಕಾಳಜಿ ನಿಜವಾದದ್ದು. ಆದರೂ ನಾನು, ನಮ್ಮಂಥದೇ ಮಟ್ಟದಿಂದ ಹೊರಟು ಬೇರೆಯವರಿಗಿಂತ ವೇಗವಾಗಿ ಮುಂದುವರಿದ ದೇಶಗಳ ಗತಿಯನ್ನು ಆಧಾರವಾಗಿಟ್ಟುಕೊಳ್ಳೋಣವೆಂದೆ. ಕೈಗೆಟುಕದ ಅಂಕಿ ಬರೆದ ದೇಶ ಐದು ವರ್ಷಗಳ ನಂತರ ತಾನು ಎಲ್ಲಿ ಎಡವಿದೆನೆಂದು ತಿಳಿಯಲಾರದು, ಏಕೆಂದರೆ ಆ ಅಂತರದಲ್ಲಿ ಆಶಯದ ಪಾಲೆಷ್ಟು, ಸೋಲಿನ ಪಾಲೆಷ್ಟು ಎಂದು ಬೇರ್ಪಡಿಸಲಾಗುವುದಿಲ್ಲ. ನಾವು ಬರೆದದ್ದು 100ಕ್ಕಿಂತ ಕಡಿಮೆ. ಅದರ ಪಕ್ಕದಲ್ಲಿ, ಆ ಅಂಕಿ ಯಾವ ವರ್ಷಗಳಲ್ಲಿ ಹುಟ್ಟಿದ ಮಕ್ಕಳದ್ದು ಎಂಬ ಟಿಪ್ಪಣಿಯನ್ನೂ ಇಟ್ಟೆವು.

ಮನೆಮನೆ ಸಮೀಕ್ಷೆಗೆ ಮನೆಯೇ ಇಲ್ಲದ ಮಕ್ಕಳು ಸಿಗುವುದಿಲ್ಲ. ಬೀದಿಯಲ್ಲಿ, ಆಶ್ರಯಧಾಮಗಳಲ್ಲಿ, ಅಲೆಮಾರಿ ಬಿಡಾರಗಳಲ್ಲಿ ಬೆಳೆಯುವವರು ಹಾಜರಿ ಪುಸ್ತಕದಲ್ಲೂ ಇರದೆ ಎರಡೂ ಕಡೆಯಿಂದ ಜಾರಿಹೋಗಬಹುದು. ಅವರಿಗಾಗಿ ಒಂದು ಪ್ರತ್ಯೇಕ ಸಾಲು ಬೇಕೆಂದು ಕೇಳಿ ಹಾಕಿಸಿದೆ. ಕರಡಿನಲ್ಲಿ ಯಾರೋ ಆ ಸಾಲಿನ ಚೌಕಗಳಿಗೆ ಸೊನ್ನೆ ತುಂಬಿದ್ದರು. ಕಳುಹಿಸುವ ಮುನ್ನ ಒಂದೊಂದು ಸೊನ್ನೆಯನ್ನೂ ಅಳಿಸಿ, ಅಲ್ಲಿ ‘ಮಾಹಿತಿ ಲಭ್ಯವಿಲ್ಲ’ ಎಂದು ಬರೆದೆವು.