ಪಂಪು ಮಾರಿದ ಮ್ಯಾಲೆ ಗಿರಾಕಿಗೆ ವಿಡಿಯೋ ಕಳಸೂದೋ, ಬರದು ಕೊಡೂದೋ?

ನಾನು ಹಾವೇರಿಯೊಳಗ ಬೆಳಿಗೆ ಎಣ್ಣಿ, ಅಂದ್ರ ಔಷಧ, ಹೊಡಿಯೂ ಬ್ಯಾಟರಿ ಪಂಪಿನ ಅಂಗಡ್ಯಾಗ ಕೆಲಸ ಮಾಡ್ತೀನ್ರಿ, ಬೆನ್ನಿಗೆ ಹಾಕ್ಕೊಳ್ಳೂ 16 ಲೀಟರಿಂದು, 12 ವೋಲ್ಟ್ ಬ್ಯಾಟರಿದು. ಮಾರೂದು ಹತ್ತು ನಿಮಿಷದ ಕೆಲಸ, ಖರೇ ಕೆಲಸ ಅದರ ಮುಂದಿಂದು. ಮುಂಜಾನೆ ಆರಕ್ಕ ಫೋನ್ ಚಾಲೂ ಆಗ್ತಾವು, ಬ್ಯಾಡಗಿಯಿಂದ ಒಬ್ರು, ಹಾನಗಲ್ಲಿಂದ ಒಬ್ರು, ಎಲ್ಲಾರೂ ಹೊಲದಾಗ ನಿಂತ ಮಾತಾಡೂದು, ಟ್ಯಾಂಕ್ ತುಂಬೈತಿ, ಔಷಧ ಕಲಿಸ್ಯಾರ, ಪಂಪ್ ಮಾತ್ರ ಹೊಡಿವಲ್ದು. ಇಂಥಾ ಹೊತ್ತಿನ್ಯಾಗ ನಾವು ಏನ್ ಕಳಸ್ತೀವಿ ಅನ್ನೂದರ ಮ್ಯಾಲೆ ಅವರ ಒಂದ್ ದಿನದ ಆಳು, ಔಷಧ ಎಲ್ಲಾ ನಿಂತಿರ್ತೈತಿ. ನಿಮ್ದು ಮಿಕ್ಸರ್ ಅಂಗಡಿ ಇರ್ಲಿ, ಹೊಲಿಗಿ ಮಷೀನ್ ಇರ್ಲಿ, ರೊಟ್ಟಿ ಮಷೀನ್ ಇರ್ಲಿ, ವಿಚಾರ ಒಂದ ಐತಿ, ಅದಕ್ಕ ಬರಿಯಾಕತ್ತೀನಿ.

ಮೊದಲ ನಾನೂ ಎಲ್ಲಾರಂಗ ಒಂದ ವಿಡಿಯೋ ಮಾಡಿದ್ನಿ, 11 ನಿಮಿಷದ್ದು, ಡಬ್ಬಿ ಒಡಿಯೂದರಿಂದ ಹಿಡದು ಬ್ಯಾಟರಿ ಚಾರ್ಜ್, ನಾಝಲ್ (ಔಷಧ ಹೊರಗ ಬೀಳೂ ತುದಿ), ತೊಳಿಯೂದು, ಎಲ್ಲಾ ಅದರಾಗ. ಭಾಳ ಚಲೋ ಆಗೇತಿ ಅಂತ ಎಲ್ಲಾರೂ ಅಂದ್ರು. ಆದ್ರ ಫೋನ್ ಒಂದೂ ಕಡಿಮಿ ಆಗಲಿಲ್ಲ. ಒಬ್ರು ಹಿರೇರು ಫೋನ್ ಮಾಡಿ, "ತಮ್ಮಾ, ನಾಝಲ್ ಬಿಚ್ಚೂದು ಎಷ್ಟನೇ ನಿಮಿಷದಾಗ ಐತೋ, ಎರಡ್ ಸಲ ನೋಡಿದ್ನಿ ಸಿಗವಲ್ದು, ನೆಟ್‌ವರ್ಕೂ ಇಲ್ಲ" ಅಂದ್ರು. ಅವತ್ತ ನನಗ ತಿಳೀತು, ವಿಡಿಯೋ ಬೇಕೋ ಬರಹ ಬೇಕೋ ಅಂತ ಇಡೀ ವಸ್ತುವಿಗೆ ಕೇಳಬಾರ್ದು, ಒಂದೊಂದ್ ಪ್ರಶ್ನೆಗೆ ಬ್ಯಾರೆ ಬ್ಯಾರೆ ಕೇಳಬೇಕು.

ಅದಕ ಮೊದಲ ಮಾಡಬೇಕಾದ್ದು ಏನಂದ್ರ, ಒಂದ್ ನೋಟ್‌ಬುಕ್ ಇಟ್ಕೊಂಡು ಒಂದ್ ಹಂಗಾಮು ಬರೂ ಫೋನ್‌ಗಳನ್ನ ಬರದಿಡ್ರಿ, ಗಿರಾಕಿ ಅಂದ ಮಾತಿನ್ಯಾಗ ಬರೀರಿ, "ಪಂಪ್ ಟಕ್ ಟಕ್ ಅಂತೈತಿ" ಅಂದ್ರ ಹಂಗ. ಆಮ್ಯಾಲೆ ಉತ್ತರ ಹೇಳುವಾಗ ನಿಮ್ ಕೈ ನೋಡ್ಕೋರಿ. ಫೋನ್‌ನ್ಯಾಗ ಮಾತಾಡ್ತಾ ನಿಮ್ ಕೈ ತಾನ ತಿರುವೂದು, ಒತ್ತೂದು, ಹಿಂಗ ಹಿಡೀರಿ ಅಂತ ಗಾಳ್ಯಾಗ ತೋರ್ಸೂದು ಮಾಡ್ತಂದ್ರ ಅದು ವಿಡಿಯೋದ ವಿಷಯ. ಆ ಕಡಿಂದ ಗಿರಾಕಿ "ತಡೀರಿ, ಪೆನ್ ತಗೋತೀನಿ" ಅಂದ್ರ ಅದು ಬರಹದ ವಿಷಯ. ಇದಕ್ಕಿಂತ ಚಲೋ ಪರೀಕ್ಷೆ ನನಗ ಇನ್ನೂ ಸಿಕ್ಕಿಲ್ಲ.

ನಾಝಲ್‌ದ ಹೇಳ್ತೀನಿ ನೋಡ್ರಿ. ಅದರ ಟೋಪಿ ಬಿಚ್ಚಿದ್ರ ಒಳಗ ತೂತಿನ ಬಿಲ್ಲೆ, ನೀರು ತಿರುಗಿಸೂ ಸಣ್ಣ ತುಂಡು, ವಾಷರ್, ಹಿಂಗ ಇರ್ತಾವು, ಒಂದ್ ಹಿಂದ ಮುಂದ ಆದ್ರ ತುಂತುರು ಹೋಗಿ ಧಾರಿ ಬೀಳ್ತೈತಿ. ಇದನ್ನ ನಾನು ಬರದ್ ಕೊಟ್ಟಾಗ ಅರ್ಧಾ ಮಂದಿಗೆ ತಿಳೀಲಿಲ್ಲ, "ಉಬ್ಬಿದ ಬದಿ ಹೊರಗ" ಅಂದ್ರ ಯಾವ ಬದಿ ಉಬ್ಬಿದ್ದು ಅಂತ ಮತ್ತ ಫೋನ್. 40 ಸೆಕೆಂಡಿನ ವಿಡಿಯೋ ಮಾಡಿದ್ನಿ, ಬಿಳಿ ಪ್ಲೇಟಿನ ಮ್ಯಾಲೆ ಒಂದೊಂದ ತುಂಡು ಬಿಚ್ಚಿದ ಸಾಲಿಗೆ ಇಟ್ಟು, ಮತ್ತ ಅದ ಸಾಲಿಗೆ ಹಾಕಿದ್ದು, ಅಷ್ಟ. ಆ ಪ್ರಶ್ನೆ ಮುಗೀತು. ಬಾಯಿಲೆ ಊದಿ ನಾಝಲ್ ಸ್ವಚ್ಛ ಮಾಡೂ ರೂಢಿ ಭಾಳ ಮಂದಿಗೆ ಐತಿ, ಅದು ವಿಷ, ಬಾಯಿ ಹಚ್ಚಬ್ಯಾಡ್ರಿ, ನೀರು ಹಾಕಿ ಹಳೇ ಬ್ರಷ್‌ಲೆ ತಿಕ್ರಿ ಅಂತ ಅದ ವಿಡಿಯೋದಾಗ ತೋರ್ಸೀನಿ, ಯಾಕಂದ್ರ ಅದೂ ಕೈ ರೂಢಿನ, ಕಣ್ಣಿಲೆ ನೋಡಿದ್ರ ಬದಲಾಗ್ತೈತಿ.

ಇನ್ನ ಸಪ್ಪಳ. ಟ್ರಿಗರ್ ಬಿಟ್ರ ಮೋಟರ್ ತಾನ ಬಂದ್ ಆಗಬೇಕು, ಒಳಗ ಒತ್ತಡ ಏರಿದ್ರ ಮೋಟರ್ ಬಂದ್ ಮಾಡೂ ಪ್ರೆಶರ್ ಸ್ವಿಚ್ ಇರ್ತೈತಿ. ಬಂದ್ ಆಗಿ ಮತ್ತ ಚಾಲೂ, ಮತ್ತ ಬಂದ್, ಹಿಂಗ ಟಕ್ ಟಕ್ ಅಂತಂದ್ರ ಎಲ್ಲೋ ಪೈಪಿನ ಜೋಡಣ್ಯಾಗ ಸೋರಾಕತ್ತೈತಿ ಅಂತ ಮೊದಲ ನೋಡಬೇಕು. ಈ ಸಪ್ಪಳ ಯಾವ ಕಾಗದದಾಗ ಬರೀತೀರಿ? ವಿಡಿಯೋದಾಗ ಮೊದಲ ಸರಿ ಇರೂ ಪಂಪಿನ ಸಪ್ಪಳ, ಆಮ್ಯಾಲೆ ಕೆಟ್ಟದ್ದು, ಒಂದರ ಬೆನ್ನ ಹಿಂದ ಒಂದು ಕೇಳ್ಸಿದ್ರ ಗಿರಾಕಿನ ಹೇಳ್ತಾನ ನಂದು ಎರಡನೇದು ಅಂತ. ಹಂಗ ಗೋವಿನಜೋಳದ್ದು, 2018ರಾಗ ನಮ್ ರಾಜ್ಯದಾಗ ಫಾಲ್ ಆರ್ಮಿವರ್ಮ್ ಹುಳ ಕಂಡ ಮ್ಯಾಲೆ ಸುಳಿಯೊಳಗ ಬೀಳೂ ಹಂಗ ಹೊಡಿಯೂದು ಕಲೀಬೇಕಾತು, ಹುಳ ಸುಳಿಯೊಳಗ ಕೂತಿರ್ತೈತಿ, ಎಲಿ ಮ್ಯಾಲಷ್ಟ ಹೊಡದ್ರ ಮುಟ್ಟೂದಿಲ್ಲ. ಗನ್ (ಕೈಯಾಗ ಹಿಡಿಯೂ ಟ್ರಿಗರಿನ ಕೊಳವಿ) ಎಷ್ಟ ಬಗ್ಗಿಸಬೇಕು, ಎಷ್ಟ ಹೊತ್ತು ನಿಲ್ಲಬೇಕು ಅನ್ನೂದು ನೋಡಿನ ಕಲಿಯೂದು.

ಆದ್ರ ಲೆಕ್ಕ ಬಂತಂದ್ರ ವಿಡಿಯೋ ಮುಟ್ಟಬ್ಯಾಡ್ರಿ. ಔಷಧದ ಬಾಟ್ಲಿ ಮ್ಯಾಲೆ ಲೀಟರಿಗೆ ಇಷ್ಟು ಅಂತ ಇರ್ತೈತಿ, ರೈತಗ ಬೇಕಾಗಿರೂದು ಟ್ಯಾಂಕಿಗೆ ಎಷ್ಟು ಅಂತ. ಲೀಟರಿಗೆ 1 ಎಂ.ಎಲ್. ಅಂದ್ರ ಟ್ಯಾಂಕಿಗೆ 16, ಒಂದೂವರಿ ಅಂದ್ರ 24, 2 ಅಂದ್ರ 32, ಎರಡೂವರಿ ಅಂದ್ರ 40. ನಾಲ್ಕ ಸಾಲು, ದೊಡ್ಡ ಅಕ್ಷರದಾಗ ಸ್ಟಿಕರ್ ಮಾಡಿ ಟ್ಯಾಂಕಿಗೆ ಹಚ್ಚೀವಿ. ಇದನ್ನ ವಿಡಿಯೋದಾಗ ಹೇಳಿದ್ರ ಪ್ರತಿ ಟ್ಯಾಂಕಿಗೂ ಮೊಬೈಲ್ ತಗೀಬೇಕು, ಅದೂ ಔಷಧ ಹತ್ತಿದ ಕೈಲೆ. ಬ್ಯಾಟರಿದೂ ಹಂಗ, ಕೆಂಪು ದೀಪ ಹಸಿರು ಆಗೂತನ ಚಾರ್ಜ್ ಹಾಕ್ರಿ, ಹಂಗಾಮು ಮುಗದ ಮ್ಯಾಲೆ ಖಾಲಿ ಬ್ಯಾಟರಿ ಮೂಲ್ಯಾಗ ಇಡಬ್ಯಾಡ್ರಿ, ತಿಂಗಳಿಗೊಮ್ಮೆ ಚಾರ್ಜ್ ಮಾಡ್ರಿ, ಲೆಡ್ ಆಸಿಡ್ ಬ್ಯಾಟರಿ ಖಾಲಿ ಕೂತ್ರ ಸಾಯ್ತೈತಿ. ಇದು ಮ್ಯಾಲಿಂದ ಮ್ಯಾಲೆ ನೆನಪ ಮಾಡೂ ಮಾತು, ಕಣ್ಣಿಗೆ ಬೀಳೂ ಜಾಗಾದಾಗ ಬರದಿರಬೇಕು. ವಾರಂಟಿ, ಬಿಡಿಭಾಗದ ರೇಟು, ಇವೂ ಬರಹನ, ಯಾಕಂದ್ರ ರೇಟ್ ಬದಲಾದ್ರ ಒಂದ್ ಸಾಲು ತಿದ್ದಿದ್ರ ಆತು, ವಿಡಿಯೋ ಆದ್ರ ಮತ್ತ ಶೂಟ್ ಮಾಡಬೇಕು.

ಎರಡರ ನಡುವಿನ ವಿಷಯಾನೂ ಇರ್ತಾವು. ಹುಳದ ಔಷಧಕ್ಕ ಕೋನ್ ನಾಝಲ್, ಕಳೆ ಎಣ್ಣಿಗೆ ಚಪ್ಪಟಿ ನಾಝಲ್, ಇದಕ್ಕ ಎರಡ್ ಫೋಟೋ, ಕೆಳಗ ಒಂದೊಂದ್ ಸಾಲು ಸಾಕು. ಓದಾಕ ಬರಲಾರದವ್ರಿಗೆ ಏನ್ ಮಾಡೂದು ಅಂತ ಕೇಳ್ತಾರ, ಅವರಿಗೆ ನಾನು ಅದ ಫೋಟೋ ಕಳಿಸಿ ಕೆಳಗ ವಾಯ್ಸ್ ಮೆಸೇಜ್ ಹಾಕ್ತೀನಿ.

ವಿಡಿಯೋ ಮಾಡೂದು ಖಾತ್ರಿ ಆತಂದ್ರ ಒಂದ್ ಪ್ರಶ್ನೆಗೆ ಒಂದ್ ವಿಡಿಯೋ, ಒಂದ್ ನಿಮಿಷದೊಳಗ. ನಮಸ್ಕಾರ, ಅಂಗಡಿ ಹೆಸರು, ಮ್ಯೂಸಿಕ್ ಇವು ಬ್ಯಾಡ, ಮೊದಲ ಸೆಕೆಂಡಿಗೆ ಕೈ ಮತ್ತ ನಾಝಲ್ ಕಾಣಬೇಕು. ಮಾತು ನಮ್ ಮಾತಿನ್ಯಾಗ ಇರ್ಲಿ, ರೈತ ವಾಷರ್‌ಗೆ ವಾಯ್ಸರ್ ಅಂತಾನ ಅಂದ್ರ ವಾಯ್ಸರ್ ಅನ್ರಿ, ಬಸ್ಸಿನ್ಯಾಗ ಸೌಂಡ್ ಇಲ್ದ ನೋಡೂ ಮಂದಿ ಸಲುವಾಗಿ ಕನ್ನಡದಾಗ ಎರಡೆರಡ್ ಶಬ್ದ ಮ್ಯಾಲೆ ಬರೀರಿ. ವಾಟ್ಸಾಪಿನ್ಯಾಗ ಫೈಲ್ ಕಳಿಸ್ರಿ, ಬರೇ ಯೂಟ್ಯೂಬ್ ಲಿಂಕ್ ಬ್ಯಾಡ, ಮನ್ಯಾಗ ಒಮ್ಮೆ ಡೌನ್‌ಲೋಡ್ ಆತಂದ್ರ ಹೊಲದಾಗ ನೆಟ್‌ವರ್ಕ್ ಇಲ್ದನೂ ನಡೀತೈತಿ. ದೊಡ್ಡ ವಿಡಿಯೋ ಯೂಟ್ಯೂಬಿಗೆ ಹಾಕಲೇಬೇಕಂದ್ರ ಕೆಳಗಿನ ವಿವರಣ್ಯಾಗ ಯಾವ ವಿಷಯ ಎಷ್ಟನೇ ನಿಮಿಷಕ್ಕ ಐತಿ ಅಂತ ಸಮಯ ಬರೀರಿ, ಮೊದಲನೇದು 0:00 ಇರಬೇಕು, ಕನಿಷ್ಠ ಮೂರು ಭಾಗ, ಒಂದೊಂದು 10 ಸೆಕೆಂಡಿಗಿಂತ ಕಡಿಮಿ ಇರಬಾರ್ದು, ಹಂಗಿದ್ರ ಯೂಟ್ಯೂಬ್ ತಾನ ಭಾಗ ಮಾಡಿ ತೋರಸ್ತೈತಿ.

ಸ್ಟಿಕರ್ ಮ್ಯಾಲೆ ವಿಡಿಯೋದ ಕ್ಯೂಆರ್ ಕೋಡ್ ಛಾಪಿಸೂ ಮುಂದ ಒಂದ್ ಎಚ್ಚರ. ಯೂಟ್ಯೂಬಿಗೆ ಹಾಕಿದ ವಿಡಿಯೋ ತಗದು ಅದ ಲಿಂಕಿಗೆ ಹೊಸಾದು ಹಾಕಾಕ ಬರೂದಿಲ್ಲ, ಸ್ಟಿಕರ್ ಮಾತ್ರ ಟ್ಯಾಂಕಿನ ಮ್ಯಾಲೆ ವರ್ಷಾನುಗಟ್ಲೆ ಇರ್ತೈತಿ. ಅದಕ ಕೋಡ್ ನಿಮ್ದ ಆದ ಒಂದ್ ಪುಟಕ್ಕ ಹೋಗಬೇಕು, ಅಲ್ಲೆ ವಿಡಿಯೋ ಲಿಂಕ್ ಬದಲಿ ಮಾಡ್ಕೋತ ಹೋಗಬಹುದು, ಬರಹಾನೂ ಅಲ್ಲೆ ಇಡಬಹುದು.

ಕಡೀಕ, ಮಂದಿಗೆ ಕೊಡೂಕಿಂತ ಮೊದಲ ಪಂಪು ಎಂದೂ ಹಿಡಿದು ಗೊತ್ತಿಲ್ಲದ ಒಬ್ರ ಕೈಯಾಗ ಕೊಟ್ಟು ನೋಡ್ರಿ, ನಾನು ಎದುರಿನ ಚಹಾ ಅಂಗಡಿ ಹುಡುಗಗ ಕೊಡ್ತೀನಿ, ಬಾಯಿ ಬಿಡೂದಿಲ್ಲ, ಸುಮ್ನ ಕೂಡ್ತೀನಿ. ವಿಡಿಯೋ ಎಲ್ಲಿ ಹಿಂದ ಎಳೀತಾನ, ಕಾಗದ ಎಲ್ಲಿ ಎರಡನೇ ಸಲ ಓದ್ತಾನ, ಅಲ್ಲೆ ತಿದ್ತೀನಿ. ಸ್ಟಿಕರ್‌ಗೆ ಮಾತ್ರ ಲ್ಯಾಮಿನೇಶನ್ ಮಾಡಸ್ರಿ, ಮುಚ್ಚಳದ ಬಾಜೂ ಹಚ್ರಿ, ಬೆನ್ನಿಗೆ ತಾಗೂ ಕಡೆ ಹಚ್ಚಿದ್ರ ಬೆವರಿಗೆ ಒಂದ್ ಹಂಗಾಮಿನ್ಯಾಗ ಕಿತ್ ಬರ್ತೈತಿ.