ಕೊಡಗಿನ ಮಳೆಗೆ ಕಾಕಟೀಲ್ ಗೂಡು ಕಟ್ಟುವ ಕ್ರಮ

ಜುಟ್ಟಿನ ಸಣ್ಣ ಗಿಳಿ ಕಾಕಟೀಲ್, ಬಡ್ಜಿ, ಜೀಬ್ರಾ ಫಿಂಚ್ ಮೂರೂ ಆಸ್ಟ್ರೇಲಿಯಾದ ಒಣ ಒಳನಾಡಿನ ಹಕ್ಕಿಗಳು. ಸುತ್ತ ಕಡಲಿರುವ ಆ ದೇಶ ತನ್ನ ಕಾಡುಹಕ್ಕಿಗಳನ್ನು ಮಾರಾಟಕ್ಕೆ ಹೊರಗೆ ಕಳಿಸುವುದನ್ನು 1960ರಲ್ಲೇ ನಿಲ್ಲಿಸಿತು. ಇಲ್ಲಿ ಅಂಗಡಿಯಲ್ಲಿ ಸಿಗುವುದು ಪಂಜರದಲ್ಲೇ ಹುಟ್ಟಿ ಬೆಳೆದ ಸಂತತಿ. ಆದರೂ ಇವುಗಳ ಮೈ ಹೊಂದಿಕೊಂಡಿರುವುದು ಒಣ ಹವೆಗೇ. ಮಡಿಕೇರಿ ಕಡೆ ಹಕ್ಕಿ ಸತ್ತರೆ ಎಲ್ಲರೂ ಚಳಿಯ ಮೇಲೆ ತಪ್ಪು ಹಾಕುತ್ತಾರೆ. ಒಣ ಜಾಗ ಇದ್ದು, ಗಾಳಿ ನೇರ ಹೊಡೆಯದಿದ್ದರೆ, ಆರೋಗ್ಯವಾಗಿರುವ ದೊಡ್ಡ ಕಾಕಟೀಲ್ 12 ಡಿಗ್ರಿಯನ್ನೂ ತಡೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಲ್ಲುವುದು ಥಂಡಿ, ಅಂದರೆ ಗಾಳಿಯ ತೇವ, ಮತ್ತು ಅದರ ಬೆನ್ನಿಗೇ ಬರುವ ಬೂಷ್ಟು. ಆಸ್ಪರ್ಜಿಲಸ್ ಬೂಷ್ಟಿನ ಪುಡಿ ಹಕ್ಕಿಯ ಗಾಳಿಚೀಲಕ್ಕೆ ಇಳಿದು ಬೇರೂರಿದರೆ ತಿಂಗಳುಗಟ್ಟಲೆ ಮದ್ದು ಕೊಟ್ಟರೂ ಉಳಿಸುವುದು ಕಷ್ಟ. ಹಾಗಾಗಿ ಗೂಡು ಕಟ್ಟುವಾಗಲೇ ಮಳೆಯ ಲೆಕ್ಕ ಹಾಕಬೇಕು.

ನಮ್ಮಲ್ಲಿ ಮಳೆಗಾಳಿ ಬೀಸುವುದು ನೈಋತ್ಯದಿಂದ. ಪಶ್ಚಿಮ ಮತ್ತು ದಕ್ಷಿಣದ ಗೋಡೆ ಪೂರ್ತಿ ಇಟ್ಟಿಗೆಯದ್ದಾಗಲಿ. ಜಾಲರಿ ಪೂರ್ವಕ್ಕೆ ಬರಲಿ, ಬೆಳಗಿನ ಬಿಸಿಲು ನೇರ ಒಳಗೆ ಬೀಳುತ್ತದೆ. ಎರಡು ಜೋಡಿ ಕಾಕಟೀಲ್‌ಗೆ 8 ಅಡಿ ಉದ್ದ, 4 ಅಡಿ ಅಗಲ, ಆರೂವರೆ ಅಡಿ ಎತ್ತರ ಸಾಕು. ನೆಲ ಅಂಗಳಕ್ಕಿಂತ 1 ಅಡಿ ಮೇಲಿದ್ದು, ಬಾಗಿಲ ಕಡೆಗೆ ಇಳಿಜಾರಾಗಿರಲಿ. ಸೂರು ಜಾಲರಿಗಿಂತ 3 ಅಡಿ ಮುಂದೆ ಚಾಚಬೇಕು. ಹೊದಿಕೆಗೆ ಹೆಂಚು ಒಳ್ಳೆಯದು. ತಗಡು ಹಾಕಿದರೆ ರಾತ್ರಿ ಅದರ ಅಡಿ ಬೆವರಿ ಹಕ್ಕಿಯ ಮೈಮೇಲೇ ತೊಟ್ಟಿಕ್ಕುತ್ತದೆ. ತಗಡೇ ಗತಿ ಅಂದರೆ ಕೆಳಗೊಂದು ಸಿಮೆಂಟ್ ಬೋರ್ಡ್ ಕೊಡಿ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ) ಮಳೆಗೆ ಹೆದರಿ ಇಡೀ ಗೂಡಿಗೆ ಟಾರ್ಪಾಲ್ ಸುತ್ತುವವರಿದ್ದಾರೆ. ಒಳಗೆ ಹಿಕ್ಕೆಯ ಅಮೋನಿಯಾ ತುಂಬಿ, ವಾರದೊಳಗೆ ಮರದ ಮೇಲೆಲ್ಲ ಬಿಳಿ ಪುಡಿ ಕಾಣಿಸುತ್ತದೆ. ಟಾರ್ಪಾಲ್ ಕಟ್ಟಿದರೂ ಸೂರಿನ ಕೆಳಗೆ 4 ಇಂಚು ಗಾಳಿಗೆ ಬಿಡಿ.

ಅರ್ಧ ಇಂಚಿನ ವೆಲ್ಡ್ ಮೆಶ್ ತರಬೇಕು. ಕೋಳಿಗೂಡಿನ ಷಟ್ಕೋನದ ಜಾಲರಿ ಬೇಡ, ಹೆಗ್ಗಣ ಹಲ್ಲಿಟ್ಟರೆ ಕಿತ್ತುಬರುತ್ತದೆ. ಹೊಸ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿಯ ಮೇಲೆ ಸತುವಿನ ಪುಡಿ, ಸಣ್ಣ ಗಂಟು ಇರುತ್ತವೆ. ಹಕ್ಕಿ ಅದನ್ನು ಕಚ್ಚಿ ನುಂಗಿದರೆ ಸತುವಿನ ವಿಷವೇರುತ್ತದೆ. ವಿನೆಗರ್ ಬೆರೆಸಿದ ನೀರಿನಲ್ಲಿ ಬ್ರಷ್ ಹಾಕಿ ತಿಕ್ಕಿ, ಚೆನ್ನಾಗಿ ತೊಳೆದು, ಕೆಲವು ವಾರ ಬಯಲಲ್ಲಿಟ್ಟು ಬಳಸಿ. ಜಾಲರಿ ಎರಡು ಪದರವಾಗಿ, ನಡುವೆ 2 ಇಂಚು ಬಿಟ್ಟು ಹೊಡೆಯಬೇಕು. ಒಂದೇ ಪದರವಾದರೆ ಪುನುಗು ಬೆಕ್ಕು ಹೊರಗಿಂದಲೇ ಹಕ್ಕಿಯ ಕಾಲು ಎಳೆಯುತ್ತದೆ. ಸಣ್ಣ ಹಾವಿಗೆ ಅರ್ಧ ಇಂಚು ಧಾರಾಳವಾಯಿತು, ಹಾಗಾಗಿ ಕೆಳಗಿನ 2 ಅಡಿಗೆ ಕಾಲು ಇಂಚಿನದ್ದೇ ಹಾಕಿ. ಬಾಗಿಲು ಎರಡಿರಲಿ, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವ ಹಾಗೆ.

ಕೂರಲು ಕಾಫಿ ಗಿಡದ ಕಾಂಡಕ್ಕಿಂತ ಒಳ್ಳೆಯದಿಲ್ಲ. ಹೊರದೇಶದಲ್ಲಿ ಜಾವಾ ವುಡ್ ಅಂತ ದುಡ್ಡು ಕೊಟ್ಟು ಕೊಳ್ಳುವುದು ಇದನ್ನೇ. ಗಟ್ಟಿ ಮರ, ಗಂಟುಗಂಟಾಗಿ ದಪ್ಪ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಪಾದದ ಒಂದೇ ಕಡೆ ಒತ್ತು ಬಿದ್ದು ಹುಣ್ಣಾಗುವುದಿಲ್ಲ. ಕಾಕಟೀಲ್‌ಗೆ 15ರಿಂದ 22 ಮಿಲಿಮೀಟರ್, ಬಡ್ಜಿಗೆ 10ರಿಂದ 15. ಗಿಡಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಸಿಂಪಡಿಸಿದ್ದರೆ ತೊಗಟೆಯಲ್ಲಿ ತಾಮ್ರ ಇರುತ್ತದೆ. ತೊಗಟೆ ಪೂರ್ತಿ ಹೆರೆದು, ಕುದಿನೀರು ಸುರಿದು, ಬಿಸಿಲಲ್ಲಿ ಒಣಗಿಸಿ. ತೋಟಕ್ಕೆ ಔಷಧಿ ಹೊಡೆಯುವ ದಿನ ಗೂಡಿನ ಆ ಬದಿಗೆ ಪರದೆ ಇಳಿಸಿ.

ಗೂಡಿನೊಳಗೊಂದು ಹೈಗ್ರೋಮೀಟರ್ ತೂಗುಹಾಕಿ. ಅದು ತೋರಿಸುವ ತೇವಾಂಶ ಶೇಕಡಾ 65ರ ಒಳಗಿದ್ದರೆ ನಿಶ್ಚಿಂತೆ. 75 ದಾಟಿ ಎರಡು ದಿನ ಹಾಗೇ ನಿಂತರೆ 100 ವಾಟ್‌ನ ಸೆರಾಮಿಕ್ ಹೀಟರನ್ನು ಥರ್ಮೋಸ್ಟಾಟ್ ಮೂಲಕ 22 ಡಿಗ್ರಿಗೆ ಇಡಿ. ಹಕ್ಕಿ ತಾಗದಂತೆ ಸುತ್ತ ಜಾಲರಿ ಬೇಕು. ಬೆಚ್ಚಗಿರಲಿ ಅಂತ ಪಂಜರವನ್ನು ಅಡುಗೆಮನೆಗೆ ತರುವುದು ಮಾತ್ರ ಬೇಡವೇ ಬೇಡ. ಒಲೆ ಹೊಗೆಯೂ ಕೆಟ್ಟದ್ದೇ. ಕಾದು ಕೆಂಡವಾದ ನಾನ್‌ಸ್ಟಿಕ್ ತವಾದ ಹಬೆಗೆ ಹಕ್ಕಿ ನಿಮಿಷಗಳಲ್ಲಿ ಸಾಯುತ್ತದೆ. ಗುಡುಗು ಸಿಡಿಲಿನ ರಾತ್ರಿ ಕಾಕಟೀಲ್ ಬೆಚ್ಚಿ ಕತ್ತಲಲ್ಲಿ ಜಾಲರಿಗೆ ಬಡಿದುಕೊಂಡು ರೆಕ್ಕೆ ಮುರಿದುಕೊಳ್ಳುವುದುಂಟು, ಒಂದು ಜೀರೋ ಬಲ್ಬ್ ಉರಿಯುತ್ತಿರಲಿ.

ಕಾಳು ಸಿಪ್ಪೆ ಸಮೇತ ಇರಬೇಕು: ನವಣೆ 4 ಪಾಲು, ಬರಗು 3, ಸಜ್ಜೆ 1, ಭತ್ತ 1, ಸೂರ್ಯಕಾಂತಿ ಅರ್ಧ. ಕಾಕಟೀಲ್ ಒಂದಕ್ಕೆ ದಿನಕ್ಕೆ 12 ಗ್ರಾಂನಷ್ಟು ಹಾಕಿ. ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ಕೊಂಡು ಸ್ಟೀಲ್ ಡಬ್ಬಿಯಲ್ಲಿಡಿ. ಒದ್ದೆ ಬಟ್ಟೆಯಲ್ಲಿ 20 ಕಾಳು ಕಟ್ಟಿಡಿ. ಮೂರು ದಿನಕ್ಕೆ 15 ಮೊಳೆಯದಿದ್ದರೆ ಆ ಚೀಲ ಹಳತು. ಮುಗ್ಗಲು ವಾಸನೆ ಬಂದರಂತೂ ಪರೀಕ್ಷೆಯೇ ಬೇಡ, ಎಸೆಯಿರಿ. ಕಡಲೆಕಾಯಿ ಹಾಕಲೇಬೇಡಿ, ಥಂಡಿಗೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಮೊದಲು ಹಿಡಿಯುವುದು ಅದಕ್ಕೇ. ಬಟ್ಟಲು ತುಂಬಿದಂತೆ ಕಂಡರೂ ಮೇಲಿರುವುದು ಬರೀ ಹೊಟ್ಟು ಆಗಿರಬಹುದು. ದಿನಾ ಬೆಳಿಗ್ಗೆ ಊದಿ ನೋಡಿ, ಇಲ್ಲದಿದ್ದರೆ ತುಂಬಿದ ಬಟ್ಟಲಿನ ಎದುರೇ ಹಕ್ಕಿ ಹಸಿದು ಸಾಯುತ್ತದೆ. ಬರೀ ಕಾಳಿನಲ್ಲಿ ವಿಟಮಿನ್ ಎ ಸಾಲುವುದಿಲ್ಲ. ನುಗ್ಗೆಸೊಪ್ಪು, ತುರಿದ ಕ್ಯಾರೆಟ್ ದಿನಾ ಕೊಟ್ಟು, ಎರಡು ಗಂಟೆಯಲ್ಲಿ ಉಳಿದದ್ದನ್ನು ತೆಗೆಯಿರಿ. ಮನೆಯ ಹಿತ್ತಲಲ್ಲೇ ಉದುರುವ ಬೆಣ್ಣೆಹಣ್ಣು ಹಕ್ಕಿಗೆ ವಿಷ. ಕಾಫಿ ಹಣ್ಣು, ಬೀಜ, ಕುಡಿದು ಬಿಟ್ಟ ಕಾಫಿ ಯಾವುದೂ ಅದರ ಬಾಯಿಗೆ ಹೋಗಬಾರದು.

ಕೊಳ್ಳುವಾಗ ಒಂದೇ ಗೂಡಿನ ಅಣ್ಣತಂಗಿಯರನ್ನು ಜೋಡಿ ಮಾಡಿ ತರಬೇಡಿ. ಆಸ್ಟ್ರೇಲಿಯಾದ ಕಾಡಿನಿಂದ ಹೊಸ ರಕ್ತ ಬರದ ಸಂತತಿ ಇದು. ಲುಟಿನೊ (ಬಿಳಿ-ಹಳದಿ ಬಣ್ಣದ) ಕಾಕಟೀಲ್‌ನ ಜುಟ್ಟಿನ ಹಿಂದೆ ಕಾಣುವ ಬೋಳು ಕಲೆ ಒಳಸಂಬಂಧದ ಗುರುತು. ಹೊಸ ಹಕ್ಕಿ 30 ದಿನ ಬೇರೆ ಕೋಣೆಯಲ್ಲಿರಲಿ.

ಕಾನೂನಿನ ಮಾತು. ಬಡ್ಜಿ, ಕಾಕಟೀಲ್, ಪೀಚ್ ಮುಖದ ಲವ್ ಬರ್ಡ್ ಈ ಮೂರೂ ಸೈಟಿಸ್ (ಕಾಡುಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿಲ್ಲ. ಕಣ್ಣ ಸುತ್ತ ಬಿಳಿ ಉಂಗುರವಿರುವ ಫಿಷರ್ ಲವ್ ಬರ್ಡ್, ಸನ್ ಕೊನ್ಯೂರ್, ಆಫ್ರಿಕನ್ ಗ್ರೇ ಪಟ್ಟಿಯಲ್ಲಿವೆ. 2024ರ ನಿಯಮದಂತೆ ಇವುಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿಯಾದರೆ, ಸತ್ತರೆ, ಕೈ ಬದಲಾದರೆ ಅದನ್ನೂ ತಿಳಿಸಬೇಕು. ನಮ್ಮ ಕಾಡಿನ ಗಿಳಿ, ಬೆಟ್ಟದ ಮೈನಾ ಸಾಕುವುದು ಅಪರಾಧ. ಸಾಕಿ ಸಾಕಾಯಿತೆಂದು ಹಕ್ಕಿಯನ್ನು ತೋಟಕ್ಕೆ ಬಿಡುವುದೂ ಸಲ್ಲದು. ನ್ಯೂಜಿಲೆಂಡ್‌ನಲ್ಲಿ ಪಂಜರ ತಪ್ಪಿಸಿಕೊಂಡ ಆಸ್ಟ್ರೇಲಿಯಾದ ರೋಸೆಲ್ಲಾ ಗಿಳಿಗಳು ಕಾಡಿನಲ್ಲೇ ನೆಲೆಯೂರಿಬಿಟ್ಟಿವೆ. ಇಲ್ಲಿ ಬಿಟ್ಟರೆ ಗಿಡುಗಕ್ಕೋ ಮಳೆಗೋ ಬಲಿ.

ರೋಗ ಮುಚ್ಚಿಡುವುದು ಹಕ್ಕಿಯ ಜಾಯಮಾನ. ವಾರಕ್ಕೊಮ್ಮೆ ಅಡುಗೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. 90 ಗ್ರಾಂನ ಹಕ್ಕಿ 81ಕ್ಕೆ ಇಳಿದರೆ ಅಂದೇ ಪಶುವೈದ್ಯರ ಹತ್ತಿರ ಹೋಗಬೇಕು. ಗರಿ ಉಬ್ಬಿಸಿ ಕೂತು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡಿಸುತ್ತಿದ್ದರೆ ತೂಕಕ್ಕೂ ಕಾಯಬೇಡಿ. ಒಯ್ಯುವವರೆಗೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು 30 ಡಿಗ್ರಿ ಶಾಖ ಕೊಡಿ. ಕರೆಂಟ್ ಇಲ್ಲದಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಮೂಲೆಯಲ್ಲಿಡಿ, ಸೆಕೆಯಾದರೆ ಹಕ್ಕಿ ಸರಿಯಲು ಇನ್ನೊಂದು ಮೂಲೆ ಖಾಲಿ ಇರಲಿ. ಕೋಳಿಗೆ ತಂದ ಆ್ಯಂಟಿಬಯಾಟಿಕ್ ಪುಡಿಯನ್ನು ಕುಡಿಯುವ ನೀರಿಗೆ ಹಾಕಬೇಡಿ: ಬೂಷ್ಟಿನ ರೋಗಕ್ಕೆ ಅದು ತಾಗುವುದಿಲ್ಲ, ನೀರು ಕಹಿಯಾಗಿ ಹಕ್ಕಿ ಕುಡಿಯುವುದನ್ನೇ ಬಿಡುತ್ತದೆ.