ಮದುವೆ ಮನೆಯ ಕೈಕೆಲಸ: ಕತ್ತರಿ ಹಿಡಿಯುವ ಮೊದಲು ಒಂದು ಲೆಕ್ಕ

ಮದುವೆ ನಿಶ್ಚಯವಾದ ಹೊಸದರಲ್ಲಿ ಮನೆಯಲ್ಲಿ ಎಲ್ಲರಿಗೂ ಉತ್ಸಾಹ. ಕಾರ್ಡು ನಾವೇ ಮಾಡೋಣ, ಹೂವು ನಾವೇ ಮಾಡೋಣ, ಬಂದವರಿಗೆಲ್ಲ ಒಂದೊಂದು ಪುಟ್ಟ ಉಡುಗೊರೆ ನಾವೇ ಕಟ್ಟೋಣ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಯಾವುದೇ ವಸ್ತು ಮನಸ್ಸಿಗೆ ಬಂದ ಕೂಡಲೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದು ಇಡೀ ಮದುವೆಗೆ ಒಂದು ಸಾಕೋ, ಟೇಬಲ್‌ಗೊಂದು ಬೇಕೋ, ತಲೆಗೊಂದು ಬೇಕೋ?

ಯಾಕೆ ಅಂತೀರಾ? ಒಂದು ಚಂದದ ಕಾಗದದ ಡಬ್ಬಿ ಮಡಚಿ, ಅಂಟಿಸಿ, ರಿಬ್ಬನ್ ಕಟ್ಟಲು 12 ನಿಮಿಷ ಹಿಡಿಯಿತು ಅಂದುಕೊಳ್ಳಿ. ಒಂದಕ್ಕೆ ಅದು ಏನೂ ಅಲ್ಲ. 300 ಜನರಿಗೆ ಅಂದರೆ 3600 ನಿಮಿಷ, ಅಂದರೆ 60 ಗಂಟೆ. ದಿನಾ ಸಂಜೆ ಎರಡು ಗಂಟೆ ಕೂತರೂ ಪೂರಾ ಒಂದು ತಿಂಗಳು ಡಬ್ಬಿಗೇ ಹೋಯಿತು. ಅದೇ ಹೊತ್ತಿನ ಹತ್ತನೇ ಒಂದು ಭಾಗದಲ್ಲಿ ಬಾಗಿಲಲ್ಲಿ ನಿಲ್ಲಿಸುವ ಸ್ವಾಗತದ ಫಲಕವನ್ನು ಅಚ್ಚುಕಟ್ಟಾಗಿ ಬರೆದು ಮುಗಿಸಬಹುದು. ಅದನ್ನು ಒಳಗೆ ಬರುವ ಪ್ರತಿಯೊಬ್ಬರೂ ನೋಡುತ್ತಾರೆ.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ಒಂದೇ ಒಂದು ಬೇಕಾದ ವಸ್ತುವಿಗೆ ಮನಸಾರೆ ಕೈಕೆಲಸ ಮಾಡಿ. ಟೇಬಲ್‌ಗೊಂದು ಬೇಕಾದದ್ದನ್ನು ಸರಳವಾಗಿಡಿ. ತಲೆಗೊಂದು ಬೇಕಾದದ್ದಕ್ಕೆ ಒಂದೇ ಒಂದು ಕೈಚಳಕ ಸಾಕು. ಸಿದ್ಧ ಚೀಲ ತಂದು ಒಂದು ಮುದ್ರೆ ಒತ್ತುವುದು, ಅಥವಾ ಒಂದು ದಾರ ಕಟ್ಟುವುದು, ಅಷ್ಟೇ. ಮೊದಲು ಒಂದು ಮಾದರಿ ಮಾಡಿ, ಗಡಿಯಾರ ನೋಡಿ, ಗುಣಿಸಿ. ಆಮೇಲೆ ಸಾಮಾನು ತನ್ನಿ. ಜಾಸ್ತಿ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ, ಕಡೆಗೆ ಅಟ್ಟದ ತುಂಬ ರಿಬ್ಬನ್ ಉಳಿಯುತ್ತದೆ.

ಮನೆಯಲ್ಲಿ ಮಾಡಿದರೆ ಅಗ್ಗ ಅನ್ನುವುದೂ ಯಾವಾಗಲೂ ನಿಜವಲ್ಲ. ಕಟರ್, ಅಂಟಿನ ಗನ್, ಕತ್ತರಿಸುವ ಮ್ಯಾಟ್, ಹಾಳಾಗುವ ಕಾಗದ ಎಲ್ಲ ಸೇರಿಸಿ ನೋಡಿ. ಅಕ್ಕಪಕ್ಕದಲ್ಲಿ ಯಾರ ಹತ್ತಿರವಾದರೂ ಇದ್ದರೆ ಕೇಳಿ ತನ್ನಿ. ಮದುವೆ ಕೆಲಸಕ್ಕೆ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ.

ಕಾರ್ಡಿನಿಂದ ಶುರು ಮಾಡೋಣ. ಕಾಗದದ ದಪ್ಪವನ್ನು ಜಿಎಸ್‌ಎಂ ಎಂದು ಅಳೆಯುತ್ತಾರೆ, ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂದು. ಸಾಮಾನ್ಯ ಪ್ರಿಂಟರ್ ಕಾಗದ 80ರ ಆಸುಪಾಸು. ಅದರಲ್ಲಿ ಕಾರ್ಡು ಮಾಡಿದರೆ ಕೈಯಲ್ಲಿ ನಿಲ್ಲುವುದಿಲ್ಲ, ಬಾಗುತ್ತದೆ. 250ರ ಹತ್ತಿರದ ಕಾಗದ ತಗೊಳ್ಳಿ. ಅದಕ್ಕಿಂತ ದಪ್ಪದ್ದನ್ನು ಎಷ್ಟೋ ಮನೆಯ ಪ್ರಿಂಟರ್‌ಗಳು ಎಳೆದುಕೊಳ್ಳುವುದಿಲ್ಲ. ಒಂದು ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ, ಒಂದೊಂದು ಅರ್ಧವನ್ನೂ ನಡುವೆ ಮಡಚಿದರೆ ಎರಡು ಕಾರ್ಡು ಆಗುತ್ತದೆ. ಈ ಅಳತೆಗೆ ಎ6 ಅನ್ನುತ್ತಾರೆ. ಇದು ಸಿ6 ಅನ್ನುವ ಲಕೋಟೆಯೊಳಗೆ ಸರಿಯಾಗಿ ಕೂರುತ್ತದೆ. ಎಷ್ಟೋ ಜನ ಮನಸ್ಸಿಗೆ ಬಂದ ಅಳತೆಯಲ್ಲಿ ಕಾರ್ಡು ಮಾಡಿಬಿಡುತ್ತಾರೆ. ಆಮೇಲೆ ಲಕೋಟೆ ಸಿಗದೆ ಅದನ್ನೂ ಕೈಯಲ್ಲೇ ಮಾಡಲು ಕೂರುತ್ತಾರೆ. ಮೊದಲು ಲಕೋಟೆ, ಆಮೇಲೆ ಕಾರ್ಡು. 100 ಕಾರ್ಡಿಗೆ 50 ಹಾಳೆ ಬೇಕು, ಕೆಡುವುದಕ್ಕೆ ಅಂತ ಹತ್ತು ಹಾಳೆ ಜಾಸ್ತಿ ಇರಲಿ.

ದಪ್ಪ ಕಾಗದ ಮಡಚಿದ ಜಾಗದಲ್ಲಿ ಬಿರುಕು ಬಿಡುತ್ತದೆ, ನೋಡಿದ್ದೀರಲ್ವಾ? ಅದಕ್ಕೆ ಕಾರಣ ಕಾಗದದ ನಾರು. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ಅದರ ನಾರುಗಳೆಲ್ಲ ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿನ ಗುಂಟ ಮಡಚಿದರೆ ನೀಟಾಗಿ ಮಡಚುತ್ತದೆ, ಅಡ್ಡಕ್ಕೆ ಮಡಚಿದರೆ ನಾರು ಮುರಿಯುತ್ತದೆ. ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಗಲಕ್ಕೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ, ಆಗ ಮಡಿಕೆ ಬೀಳುವ ಗೆರೆಯೇ ನಾರಿನ ದಿಕ್ಕು. ಮಡಚುವ ಮೊದಲು ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಒಂದು ಗೆರೆ ಎಳೆಯಿರಿ. ಆಮೇಲೆ ಮಡಚಿದರೆ ಅಂಗಡಿಯ ಕಾರ್ಡಿನ ಹಾಗೇ ಇರುತ್ತದೆ.

ಪ್ರಿಂಟ್ ಮಾಡಿಸುವುದಾದರೆ ಲೇಸರ್ ಪ್ರಿಂಟರ್‌ನಲ್ಲೇ ಮಾಡಿಸಿ. ಸಾಮಾನ್ಯ ಇಂಕ್‌ಜೆಟ್‌ನಲ್ಲಿ ಬಂದದ್ದು ಒಂದು ಹನಿ ನೀರು ಬಿದ್ದರೂ ಕದಡಿಬಿಡುತ್ತದೆ. ಲೇಸರ್‌ನದು ಪುಡಿಯನ್ನು ಬಿಸಿಯಲ್ಲಿ ಕರಗಿಸಿ ಅಂಟಿಸಿದ್ದು, ನೀರಿಗೆ ಹೆದರುವುದಿಲ್ಲ. ವಿಳಾಸ ಬರೆಯುವ ಪೆನ್ನನ್ನೂ ಒಂದು ಲಕೋಟೆಯ ಮೇಲೆ ಬರೆದು, ಒದ್ದೆ ಬೆರಳು ಆಡಿಸಿ ಪರೀಕ್ಷೆ ಮಾಡಿ.

ಎಲ್ಲಕ್ಕಿಂತ ಮುಖ್ಯ, ಒಕ್ಕಣೆಯನ್ನು ಹೊರಗಿನವರ ಕೈಯಲ್ಲಿ ಓದಿಸಿ. ಮನೆಯವರ ಕಣ್ಣು ಇರುವುದನ್ನು ಓದುವುದಿಲ್ಲ, ಇರಬೇಕಾದದ್ದನ್ನು ಓದುತ್ತದೆ. ತಾರೀಖಿನ ಪಕ್ಕದ ವಾರವನ್ನು ಕ್ಯಾಲೆಂಡರ್ ಎದುರಿಗಿಟ್ಟುಕೊಂಡೇ ನೋಡಿ.

ಇನ್ನು ಸ್ವಾಗತದ ಫಲಕ. ನನ್ನ ಅಕ್ಷರ ಚೆನ್ನಾಗಿಲ್ಲ ಅಂತ ಹಿಂದೆ ಸರಿಯಬೇಡಿ, ಅದಕ್ಕೊಂದು ಸುಲಭದ ದಾರಿ ಇದೆ. ನಿಮಗೆ ಬೇಕಾದ ಅಕ್ಷರಗಳನ್ನು ಬೇಕಾದ ಅಳತೆಯಲ್ಲಿ ಪ್ರಿಂಟ್ ಮಾಡಿಸಿಕೊಳ್ಳಿ. ಆ ಹಾಳೆಯ ಹಿಂಬದಿಗೆ ಮೆತ್ತನೆಯ ಪೆನ್ಸಿಲ್ ಸೀಸವನ್ನು ಚೆನ್ನಾಗಿ ತಿಕ್ಕಿ. ಕಪ್ಪು ಹಲಗೆಯಾದರೆ ಪೆನ್ಸಿಲ್ ಬದಲು ಸೀಮೆಸುಣ್ಣ. ಹಾಳೆಯನ್ನು ಹಲಗೆಯ ಮೇಲೆ ಅಲುಗದ ಹಾಗೆ ಟೇಪ್ ಹಾಕಿ ಕೂರಿಸಿ, ಅಕ್ಷರದ ಅಂಚಿನ ಮೇಲೆ ಪೆನ್ನು ಒತ್ತಿ ತಿದ್ದಿ. ಹಾಳೆ ತೆಗೆದರೆ ಕೆಳಗೆ ತೆಳುವಾದ ಗೆರೆ ಮೂಡಿರುತ್ತದೆ. ಅದರ ಮೇಲೆ ಬಣ್ಣ ತುಂಬುವುದು ಮಕ್ಕಳ ಆಟದಷ್ಟು ಸುಲಭ. ಎಡಗಡೆಯಿಂದ ಶುರು ಮಾಡಿ, ಇಲ್ಲದಿದ್ದರೆ ಕೈ ತಾಗಿ ಬಣ್ಣ ಹರಡುತ್ತದೆ. ಎಡಗೈಯವರು ಬಲದಿಂದ.

ಹೂವಿನ ವಿಷಯಕ್ಕೆ ಬಂದರೆ, ಕಾಗದದ ಹೂವಿಗೆ ಕ್ರೇಪ್ ಕಾಗದದಷ್ಟು ಒಳ್ಳೆಯದು ಬೇರೆ ಇಲ್ಲ. ಅದರಲ್ಲಿ ಸಣ್ಣ ಸಣ್ಣ ನೆರಿಗೆ ಇರುವುದರಿಂದ ಎಳೆದರೆ ಹಿಗ್ಗುತ್ತದೆ. ಎಸಳು ಕತ್ತರಿಸುವಾಗ ನೆರಿಗೆಯ ಗೆರೆಗಳು ಬುಡದಿಂದ ತುದಿಗೆ ಹೋಗಬೇಕು. ಆಗ ಎರಡು ಹೆಬ್ಬೆರಳಲ್ಲಿ ಎಸಳಿನ ನಡುವನ್ನು ಅಗಲಕ್ಕೆ ಎಳೆದರೆ ಅದು ಬಟ್ಟಲಿನಂತೆ ಗುಂಡಗಾಗುತ್ತದೆ. ದಿಕ್ಕು ತಪ್ಪಿದರೆ ಎಷ್ಟು ಎಳೆದರೂ ಆ ಗುಂಡು ಬರುವುದಿಲ್ಲ, ಹರಿಯುತ್ತದೆ ಅಷ್ಟೇ. ಎಸಳುಗಳ ತುದಿಯನ್ನು ಪೆನ್ಸಿಲ್‌ಗೆ ಸುತ್ತಿ ಬಿಟ್ಟರೆ ಹೊರಕ್ಕೆ ಬಾಗುತ್ತವೆ. ಎಲ್ಲ ಎಸಳೂ ಒಂದೇ ಅಳತೆ ಇರುವುದು ಬೇಡ, ಒಳಗೆ ಚಿಕ್ಕದು, ಹೊರಗೆ ದೊಡ್ಡದು ಇಟ್ಟರೆ ಹೂವು ಹೂವಿನ ಹಾಗೆ ಕಾಣುತ್ತದೆ.

ಕ್ರೇಪ್ ಕಾಗದಕ್ಕೆ ಒಂದು ಕೆಟ್ಟ ಗುಣ ಇದೆ. ಒದ್ದೆಯಾದರೆ ಗಾಢ ಬಣ್ಣದ್ದು ಬಣ್ಣ ಬಿಡುತ್ತದೆ. ಹೊಸ ಬಟ್ಟೆ ಉಟ್ಟವರ ಭುಜಕ್ಕೆ ತಾಗುವ ಜಾಗದಲ್ಲಿ, ಬಯಲಲ್ಲಿ, ನೀರಿನ ಹೂದಾನಿಯ ಬಾಯಿಯಲ್ಲಿ ಇಡಬೇಡಿ. ತೇವದ ಹವೆಯಲ್ಲಿ ಇದೂ, ತೆಳ್ಳನೆಯ ಟಿಶ್ಯೂ ಕಾಗದವೂ ಜೋಲು ಬೀಳುತ್ತವೆ. ಮಳೆಗಾಲದ ಮದುವೆಯಾದರೆ ಬಟ್ಟೆಯ ಕಡೆಗೆ ತಿರುಗಿ.

ಗೋಡೆ ತುಂಬಾ ಹೂವು ಹಾಕುವ ಆಸೆ ಇದ್ದರೆ, ಮೊದಲು ಒಬ್ಬರನ್ನು ಆ ಗೋಡೆಯ ಮುಂದೆ ನಿಲ್ಲಿಸಿ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಫೋಟೋದಲ್ಲಿ ಕಾಣುವುದು ಭುಜದ ಆಚೀಚೆ ಮತ್ತು ತಲೆಯ ಮೇಲಿನ ಸ್ವಲ್ಪ ಜಾಗ. ದೊಡ್ಡ ಹೂವು ಅಲ್ಲಿಗೆ. ಮೊಣಕಾಲಿನ ಕೆಳಗೆ ಸುಮ್ನೆ ಬಟ್ಟೆ ಇಳಿಬಿಟ್ಟರೆ ಸಾಕು. ಅರ್ಧ ಕೆಲಸ ಅಲ್ಲೇ ಉಳಿಯಿತು.

ಬಟ್ಟೆಯ ಬಾವುಟದ ಮಾಲೆ ನನಗೆ ಎಲ್ಲಕ್ಕಿಂತ ಇಷ್ಟ. ಮನೆಯ ಹಿರಿಯರ ಹಳೆಯ ಹತ್ತಿ ಬಟ್ಟೆ, ವಧೂವರರ ಚಿಕ್ಕಂದಿನ ಅಂಗಿ, ಹೊಲಿದು ಮಿಕ್ಕ ತುಂಡು ಎಲ್ಲ ಇದಕ್ಕೆ ಆಗುತ್ತದೆ. 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ತ್ರಿಕೋನವನ್ನು ರಟ್ಟಿನಲ್ಲಿ ಕತ್ತರಿಸಿಟ್ಟುಕೊಳ್ಳಿ. ಅದನ್ನು ಬಟ್ಟೆಯ ಮೇಲೆ ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗೆ ಇಟ್ಟು ಗುರುತು ಹಾಕಿದರೆ ಬಟ್ಟೆ ದಂಡವಾಗುವುದಿಲ್ಲ. ಹಲ್ಲುಹಲ್ಲಾಗಿ ಕತ್ತರಿಸುವ ಕತ್ತರಿ ಸಿಕ್ಕರೆ ಅಂಚು ಹೊಲಿಯುವ ಕೆಲಸವೂ ಇಲ್ಲ, ದಾರ ಬೇಗ ಬಿಡುವುದಿಲ್ಲ. ನಡುವೆ 5 ಸೆಂಟಿಮೀಟರ್ ಬಿಟ್ಟು ಒಂದು ಪಟ್ಟಿಗೆ ಹೊಲಿಯುತ್ತಾ ಹೋಗಿ. ಹೀಗೆ ಮಾಡಿದರೆ 3 ಮೀಟರ್‌ಗೆ 15 ಬಾವುಟ ಹಿಡಿಸುತ್ತದೆ. ಎರಡು ತುದಿಗೂ ಅರ್ಧರ್ಧ ಮೀಟರ್ ಪಟ್ಟಿ ಖಾಲಿ ಬಿಡಿ, ಇಲ್ಲದಿದ್ದರೆ ಕಟ್ಟುವುದಕ್ಕೆ ಗತಿ ಇರುವುದಿಲ್ಲ. ಮದುವೆ ಮುಗಿದ ಮೇಲೆ ತೊಳೆದು ಮಡಚಿಟ್ಟರೆ ಮುಂದೆ ಮಕ್ಕಳ ಹುಟ್ಟುಹಬ್ಬಕ್ಕೂ ಬಂತು.

ಟೇಬಲ್ ಮೇಲಿಡಲು ಖಾಲಿ ಗಾಜಿನ ಬಾಟಲಿಗಳೇ ಸಾಕು. ಇವತ್ತಿನಿಂದಲೇ ಎತ್ತಿಡಲು ಶುರು ಮಾಡಿ, ನೆಂಟರಿಗೂ ಹೇಳಿ. ಅಳತೆ ಬೇರೆಬೇರೆ ಇದ್ದರೆ ಚಿಂತೆ ಇಲ್ಲ, ಮೂರು ಮೂರಾಗಿ ಗುಂಪು ಮಾಡಿಟ್ಟರೆ ಅದೇ ಚಂದ. ಲೇಬಲ್ ತೆಗೆಯಲು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಕಾಗದ ಹೋಗಿ ಜಿಗುಟು ಉಳಿಯಿತಾ? ಅಡುಗೆ ಎಣ್ಣೆಗೆ ಅಡುಗೆ ಸೋಡಾ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿ, ಸಾಬೂನಿನಲ್ಲಿ ತೊಳೆಯಿರಿ. ಎಣ್ಣೆ ಪೂರ್ತಿ ಹೋಗದಿದ್ದರೆ ಬಣ್ಣವೂ ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ.

ಬಾಟಲಿಯೊಳಗೆ ದೀಪ ಇಡುವವರು ಗಮನಿಸಿ. ನಿಜವಾದ ಮೇಣದ ಬತ್ತಿಯಾದರೆ ಜ್ವಾಲೆಗಿಂತ ಗಾಜು ಸಾಕಷ್ಟು ಎತ್ತರ ಇರಬೇಕು, ಸುತ್ತಮುತ್ತ ಕಾಗದದ ಹೂವು ಇರಬಾರದು. ನನ್ನನ್ನು ಕೇಳಿದರೆ ಬ್ಯಾಟರಿ ದೀಪವೇ ಮೇಲು. ಅದರಲ್ಲೂ ಬಟನ್ ಬ್ಯಾಟರಿಯದ್ದಾದರೆ ಮುಚ್ಚಳಕ್ಕೆ ಸ್ಕ್ರೂ ಇರುವುದನ್ನೇ ತನ್ನಿ. ಆ ಬ್ಯಾಟರಿ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆಲ್ಲ ಸುಟ್ಟುಬಿಡಬಹುದು. ಮದುವೆ ಅಂದಮೇಲೆ ಟೇಬಲ್ ಕೆಳಗೆ ಮಕ್ಕಳು ಇದ್ದೇ ಇರುತ್ತಾರೆ.

ಅಂಟಿನ ಬಗ್ಗೆ ಎರಡು ಮಾತು. ಬಿಳಿ ಅಂಟು ಒಣಗಿದ ಮೇಲೆ ಕಾಣುವುದಿಲ್ಲ, ಆದರೆ ಅದರಲ್ಲಿ ನೀರಿನ ಅಂಶ ಜಾಸ್ತಿ. ತೆಳು ಕಾಗದಕ್ಕೆ ಹಚ್ಚಿದರೆ ಸುಕ್ಕಾಗುತ್ತದೆ. ಅಲ್ಲಿಗೆ ಕಡ್ಡಿ ಅಂಟು ಅಥವಾ ಎರಡೂ ಕಡೆ ಅಂಟುವ ಟೇಪ್. ಬಿಸಿ ಅಂಟಿನ ಗನ್ ಬೇಗ ಹಿಡಿಯುತ್ತದೆ, ಆದರೆ ನುಣುಪು ಗಾಜಿನ ಮೇಲೆ ಅಷ್ಟೇ ಬೇಗ ಬಿಟ್ಟುಕೊಳ್ಳುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೂ ಮೆತ್ತಗಾಗುತ್ತದೆ. ಅದು ಬೆರಳಿಗೆ ಬಿದ್ದರೆ ಎಳೆಯಲು ಹೋಗಬೇಡಿ. ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್ ಬೇಡ, ಪೇಸ್ಟೂ ಬೇಡ.

ಬಂದವರು ಹಾರೈಕೆ ಬರೆಯುವ ಪುಸ್ತಕವನ್ನು ಅಂಗಡಿಯಿಂದ ತರಬೇಡಿ, ಅದು ಒಂದೇ ಸಂಜೆಯ ಕೆಲಸ. ಹಾಳೆಗಳನ್ನು ನಡುವೆ ಮಡಚಿ ಒಂದರೊಳಗೊಂದು ಸೇರಿಸಿ, ಹೊರಗೆ ದಪ್ಪ ಕಾಗದದ ರಟ್ಟು. ಮಡಿಕೆಯ ಗೆರೆಯಲ್ಲಿ ಮೂರು ತೂತು ಮಾಡಿ, ನಡುವೆ ಒಂದು, ಮೇಲೆ ಒಂದು, ಕೆಳಗೆ ಒಂದು. ಪುಸ್ತಕದ ಎತ್ತರದ ಎರಡೂವರೆಯಷ್ಟು ದಾರ ತಗೊಳ್ಳಿ. ಒಳಗಿನಿಂದ ನಡುವಿನ ತೂತಿನಲ್ಲಿ ಹೊರಕ್ಕೆ, ಹೊರಗಿನಿಂದ ಮೇಲಿನ ತೂತಿನಲ್ಲಿ ಒಳಕ್ಕೆ, ಒಳಗೇ ನಡುವನ್ನು ದಾಟಿ ಕೆಳಗಿನ ತೂತಿನಲ್ಲಿ ಹೊರಕ್ಕೆ, ಮತ್ತೆ ನಡುವಿನ ತೂತಿನಲ್ಲಿ ಒಳಕ್ಕೆ. ಈಗ ದಾರದ ಎರಡು ತುದಿಯೂ ಒಳಗೇ ಇವೆ. ಒಳಗಿರುವ ಉದ್ದನೆಯ ಹೊಲಿಗೆಯ ಆಚೀಚೆ ಅವನ್ನು ಹಿಡಿದು ಗಂಟು ಹಾಕಿ. ಪಕ್ಕದಲ್ಲಿ ನಾಲ್ಕೈದು ಪೆನ್ನು ಇಡಿ. ಒಂದೇ ಇಟ್ಟರೆ ಅದು ಯಾರದೋ ಜೇಬು ಸೇರಿರುತ್ತದೆ.

ಕೆಲಸಕ್ಕೆ ಜನ ಸೇರಿಸಿದಾಗ ಎಲ್ಲರೂ ಎಲ್ಲವನ್ನೂ ಮಾಡುವುದು ಬೇಡ. ಒಬ್ಬರು ಕತ್ತರಿಸಲಿ, ಒಬ್ಬರು ಮಡಚಲಿ, ಒಬ್ಬರು ಕಟ್ಟಲಿ. ಮುಗಿದ ಒಂದು ಮಾದರಿ ಎದುರಿಗೇ ಇರಲಿ. ಕೈ ನಡುಗುವ ಹಿರಿಯರಿಗೆ ಎಣಿಸಿ ಕಟ್ಟು ಮಾಡುವ ಕೆಲಸ ಕೊಡಿ, ಒಂದೂ ತಪ್ಪುವುದಿಲ್ಲ. ಮದುಮಗನನ್ನೂ ಕೂರಿಸಿ, ಕತ್ತರಿ ಹಿಡಿಯಲು ಅವನಿಗೂ ಬರುತ್ತದೆ.

ಕಾಗದ ಮತ್ತು ಬಟ್ಟೆಯ ಕೆಲಸ ಮೂರು ತಿಂಗಳು ಮುಂಚೆಯೇ ಶುರುವಾಗಲಿ. ಕೊನೆಯ ವಾರದಲ್ಲಿ ಅಂಟು ಹಚ್ಚುವ ಕೆಲಸ ಯಾವುದೂ ಬೇಡ. ಆಗ ಉಳಿದಿದ್ದರೆ ಅದು ಬೇಡವಾಗಿದ್ದ ಕೆಲಸ ಅಂತ ಬಿಟ್ಟುಬಿಡಿ. ಆ ಬಿಡುವಿಗೆ ತಾಜಾ ಹೂವು ಮಾತ್ರ, ಅದೂ ಹಿಂದಿನ ದಿನ. ದಂಟನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದು, ತಂಪು ಜಾಗದಲ್ಲಿ ನಿಲ್ಲಿಸಿ.

ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದ ಮೇಲೆ ಒಳಗೇನಿದೆ ಅಂತ ಪಕ್ಕದಲ್ಲಿ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಒಂದರ ಮೇಲೊಂದು ಜೋಡಿಸಿದಾಗ ಕಾಣುವುದಿಲ್ಲ. ಕತ್ತರಿ, ಟೇಪ್, ಪಿನ್ನು, ದಾರ, ಸೂಜಿ ಬೇರೆಯೇ ಒಂದು ಚೀಲದಲ್ಲಿರಲಿ. ಆ ಚೀಲ ಹೆತ್ತವರ ಕೈಯಲ್ಲಿ ಬೇಡ, ಅವರಿಗೆ ಅವತ್ತು ಸಾವಿರ ಕೆಲಸ. ಗೋಡೆಗೆ ಟೇಪ್ ಹಾಕಬಹುದೋ ಇಲ್ಲವೋ ಎಂದು ಹಾಲ್‌ನವರನ್ನು ಮೊದಲೇ ಕೇಳಿ, ಬಣ್ಣ ಕಿತ್ತು ಬಂದರೆ ದಂಡ ನಿಮ್ಮ ತಲೆಗೆ. ಹಾಗೆಯೇ, ಕಟ್ಟುವುದಕ್ಕೆ ಹತ್ತು ಜನ ಬರುತ್ತಾರೆ, ಬಿಚ್ಚುವುದಕ್ಕೆ ಒಬ್ಬರೂ ಇರುವುದಿಲ್ಲ. ಮುಗಿದ ಮೇಲೆ ಯಾರು ನಿಂತು ಬಿಚ್ಚಬೇಕು, ಏನನ್ನು ಮನೆಗೆ ತರಬೇಕು, ಏನನ್ನು ಅಲ್ಲೇ ಬಿಡಬೇಕು ಎಂದು ಇಬ್ಬರಿಗೆ ಹೆಸರು ಹಿಡಿದು ಹೇಳಿ, ಚೀಟಿಯನ್ನೂ ಕೊಟ್ಟಿಡಿ.